ಮನಸ್ಸು ಮಿದುಳಿನದೇ ಆದರೆ ಆತ್ಮದ ನಂಬಿಕೆಗೆ ಏನು ಉಳಿಯುತ್ತದೆ?

ಜಿಜ್ಞಾಸು:

ಸದಸ್ಯರೆಲ್ಲರಿಗೂ ನಮಸ್ಕಾರ. ಮಿದುಳಿನ ವಿಜ್ಞಾನ ಬೆಳೆದಂತೆಲ್ಲ ಧಾರ್ಮಿಕ ನಂಬಿಕೆಯ ನೆಲ ಕುಸಿಯುತ್ತದೆ ಎಂಬ ಮಾತು ಇಲ್ಲಿ ಆಗಾಗ ಬರುತ್ತಿರುತ್ತದೆ. ಹಾಗೆನ್ನುವವರೂ ಅದನ್ನು ವಿರೋಧಿಸುವವರೂ ಒಂದು ವಿಷಯದಲ್ಲಿ ಒಮ್ಮತ ಹೊಂದಿದ್ದಾರೆ: ಮನಸ್ಸು ದೇಹದ ಕೆಲಸವೆಂದು ಸಾಬೀತಾದರೆ ಧರ್ಮಕ್ಕೆ ಸೋಲು, ಅಲ್ಲವೆಂದಾದರೆ ಗೆಲುವು. ಈ ಒಮ್ಮತವೇ ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ.

ವಿಜ್ಞಾನದ ಕಡೆಯ ಸಾಕ್ಷ್ಯವನ್ನು ನಾನು ಕಿಂಚಿತ್ತೂ ಅಲ್ಲಗಳೆಯುವುದಿಲ್ಲ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಲ್ಲಿ ಹೊಕ್ಕ ಕಬ್ಬಿಣದ ಸಲಾಕೆ ತಲೆಯ ಮೇಲ್ಭಾಗದಿಂದ ಹೊರಬಂತು. ಆತ ಬದುಕಿಕೊಂಡನಾದರೂ ಗೆಳೆಯರ ಪಾಲಿಗೆ ಹಿಂದಿನ ಗೇಜ್ ಆಗಿ ಉಳಿಯಲಿಲ್ಲವೆಂದು ಅವನ ವೈದ್ಯರೇ ಬರೆದಿಟ್ಟಿದ್ದಾರೆ. 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆನ್ರಿ ಮೊಲೈಸನ್ 2008ರಲ್ಲಿ ತೀರಿಕೊಳ್ಳುವವರೆಗೂ ದಿನದಿನದ ಘಟನೆಗಳನ್ನು ಹೊಸದಾಗಿ ನೆನಪಿನಲ್ಲಿ ಉಳಿಸಿಕೊಳ್ಳಲಾರದೆ ಬದುಕಿದರು. ಸ್ವಭಾವ, ನೆನಪು, ಸಂಕೋಚ, ಸಿಟ್ಟು, ಎಲ್ಲವೂ ಮಿದುಳಿಗೆ ಅಂಟಿಕೊಂಡಿವೆ.

ಆದರೆ ಇದು ನಮ್ಮವರಿಗೆ ಹೊಸ ಸುದ್ದಿಯೇ? ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಡಲು ಹೇಳುತ್ತಾನೆ. ನೀರು ಮಾತ್ರ ಬೇಕಾದಷ್ಟು ಕುಡಿಯಬಹುದು, ಏಕೆಂದರೆ ಪ್ರಾಣವು ನೀರಿನಿಂದಾದದ್ದು. ಅವಧಿ ಮುಗಿದ ಮೇಲೆ ಮಗ ಬಂದು ಕೂರುತ್ತಾನೆ. ಋಕ್ಕು, ಯಜಸ್ಸು, ಸಾಮಗಳನ್ನು ಹೇಳೆಂದರೆ 'ಯಾವುದೂ ಹೊಳೆಯುತ್ತಿಲ್ಲ' ಎನ್ನುತ್ತಾನೆ. ಹನ್ನೆರಡು ವರ್ಷ ಗುರುಕುಲದಲ್ಲಿ ಕಲಿತು, ಕಲಿತೆನೆಂಬ ಗರ್ವದಿಂದ ಮನೆಗೆ ಮರಳಿದ್ದ ಹುಡುಗ ಇವನು. ದೊಡ್ಡ ಬೆಂಕಿಯಲ್ಲಿ ಮಿಂಚುಹುಳುವಿನಷ್ಟು ಕೆಂಡ ಉಳಿದರೆ ಅದು ಹೆಚ್ಚೇನನ್ನೂ ಸುಡಲಾರದು, ನಿನ್ನ ಸ್ಥಿತಿಯೂ ಹಾಗೆಯೇ ಆಗಿದೆ, ಹೋಗಿ ಊಟ ಮಾಡು ಎಂದು ತಂದೆ ಕಳುಹಿಸುತ್ತಾನೆ. ಉಂಡು ಬಂದ ಮಗ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾನೆ. ಮನಸ್ಸು ಅನ್ನಮಯವೆಂಬುದು ತಂದೆಯ ತೀರ್ಮಾನ. ದೇಹದಿಂದ ಏನನ್ನೋ ತೆಗೆದು ಮನಸ್ಸಿನಲ್ಲಿ ಏನು ಹೋಯಿತೆಂದು ನೋಡುವುದು, ಮರಳಿ ಕೊಟ್ಟು ಏನು ಬಂತೆಂದು ನೋಡುವುದು: ಇಂದಿನ ಪ್ರಯೋಗದ ಕ್ರಮವೂ ಇದೇ ಅಲ್ಲವೇ? ಇಷ್ಟಾದರೂ ಆ ತಂದೆ ನಾಸ್ತಿಕನಾಗುವುದಿಲ್ಲ. ಅದೇ ಅಧ್ಯಾಯ 'ತತ್ತ್ವಮಸಿ', ಎಂದರೆ 'ಅದು ನೀನೇ ಆಗಿದ್ದೀಯೆ' ಎಂಬ ಉಪದೇಶದವರೆಗೆ ಹೋಗುತ್ತದೆ.

ಸಾಂಖ್ಯರು ಇದನ್ನೇ ಶಾಸ್ತ್ರವಾಗಿ ಕಟ್ಟಿದರು. ಅವರ ಇಪ್ಪತ್ತೈದು ತತ್ತ್ವಗಳಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಮೂರೂ ಪ್ರಕೃತಿಯ, ಎಂದರೆ ಜಡದ, ಕಡೆಗೇ ಸೇರುತ್ತವೆ. ಪುರುಷನ, ಎಂದರೆ ಚೇತನದ, ಪಾಲಿಗೆ ಉಳಿಯುವುದು ಬರಿಯ ಅರಿವು, ಸಾಕ್ಷಿತ್ವ. ಆದ್ದರಿಂದ ಗೇಜ್‌ನ ಪ್ರಸಂಗವನ್ನು ಕೇಳಿದರೆ ಸಾಂಖ್ಯರಿಗೆ ಗಾಬರಿಯಾಗಲಾರದು.

ನನ್ನ ಕಷ್ಟ ಇರುವುದು ಇದರಾಚೆಗೆ. ನೆನಪು, ಸ್ವಭಾವ, ಪ್ರೀತಿಗಳನ್ನೆಲ್ಲ ಜಡಕ್ಕೆ ಬಿಟ್ಟುಕೊಟ್ಟು ಆತ್ಮವನ್ನು ಉಳಿಸಿಕೊಂಡರೆ, ಉಳಿದದ್ದನ್ನು 'ನಾನು' ಎನ್ನಲು ಯಾವ ಆಧಾರವಿದೆ? ಶ್ರಾದ್ಧದ ದಿನ ಪಿಂಡ ಇಡುವವನು ಬರಿಯ ಸಾಕ್ಷಿಗೆ ಇಡುವುದಿಲ್ಲ, ತನ್ನ ತಂದೆಗೆ ಇಡುತ್ತಾನೆ. ಈ ಬಗ್ಗೆ ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಹಳೆಯ ಪುಟ:

ಜಿಜ್ಞಾಸು ಅವರೇ, ನೀವು ಹೇಳುವ ಆ ತಪ್ಪು ಒಮ್ಮತಕ್ಕೆ ಒಂದು ಚರಿತ್ರೆಯಿದೆ. ಫ್ರೆಂಚ್ ತತ್ತ್ವಜ್ಞಾನಿ ರೆನೆ ದೇಕಾರ್ತ್ 1641ರಲ್ಲಿ ಪ್ರಕಟಿಸಿದ 'ಚಿಂತನೆಗಳು' ಎಂಬ ಗ್ರಂಥದಲ್ಲಿ ಮನಸ್ಸೂ ಆತ್ಮವೂ ಒಂದೇ; ಅನುಮಾನ, ಸಂಕಲ್ಪ, ಕಲ್ಪನೆ, ನೋವಿನ ಅನುಭವ ಎಲ್ಲವೂ ಯೋಚಿಸುವ ದ್ರವ್ಯಕ್ಕೆ ಸೇರಿದವು; ದೇಹವಾದರೋ ಜಾಗ ಹಿಡಿಯುವ ಯಂತ್ರ. ಅಲ್ಲಿಂದ ಮುಂದೆ ಯುರೋಪಿನಲ್ಲಿ ಆತ್ಮದ ಪರವಾಗಿ ಮಾತಾಡುವವರು ಇಡೀ ಮನಸ್ಸಿನ ಹೊರೆಯನ್ನೂ ಹೊರಬೇಕಾಯಿತು.

ಇದರ ತೊಡಕನ್ನು ಮೊದಲಿಗೇ ಹಿಡಿದವರಲ್ಲಿ ಬೊಹೀಮಿಯದ ರಾಜಕುಮಾರಿ ಎಲಿಜಬೆತ್ ಒಬ್ಬಳು. ರಾಜ್ಯ ಕಳೆದುಕೊಂಡ ಕುಟುಂಬದೊಡನೆ ಹೇಗ್ ನಗರದಲ್ಲಿದ್ದ ಆಕೆ 1643ರ ಮೇ ತಿಂಗಳಲ್ಲಿ ದೇಕಾರ್ತನಿಗೆ ಪತ್ರ ಬರೆದು, ಒಂದು ವಸ್ತು ಮತ್ತೊಂದನ್ನು ಚಲಿಸುವಂತೆ ಮಾಡಬೇಕಾದರೆ ತಾಗಬೇಕು, ತಾಗಲು ಅದಕ್ಕೆ ವಿಸ್ತಾರ ಇರಬೇಕು, ವಿಸ್ತಾರವೇ ಇಲ್ಲದ ಆತ್ಮ ದೇಹವನ್ನು ಹೇಗೆ ನಡೆಸುತ್ತದೆ ಎಂದು ಕೇಳಿದಳು. ದೇಕಾರ್ತನ ಉತ್ತರಗಳು ಆಕೆಗೆ ತೃಪ್ತಿ ಕೊಡಲಿಲ್ಲ. ಜಡವಲ್ಲದ್ದಕ್ಕೆ ಜಡವನ್ನು ಚಲಿಸುವ ಶಕ್ತಿಯಿದೆಯೆಂದು ಒಪ್ಪುವುದಕ್ಕಿಂತ ಆತ್ಮಕ್ಕೇ ವಿಸ್ತಾರವಿದೆಯೆಂದು ಒಪ್ಪುವುದು ತನಗೆ ಸುಲಭವೆಂದು ಮರಳಿ ಬರೆದಳು. ಆಕೆ ಧರ್ಮವನ್ನು ಬಿಟ್ಟವಳಲ್ಲ. ಕೊನೆಗಾಲದಲ್ಲಿ ಹೆರ್ಫೋರ್ಡ್ ಎಂಬಲ್ಲಿನ ಪ್ರಾಟೆಸ್ಟಂಟ್ ಮಠದ ಮುಖ್ಯಸ್ಥೆಯಾಗಿದ್ದಳು. ದೃಢವಾದ ನಂಬಿಕೆ ಮತ್ತು ದೇಕಾರ್ತನ ಆತ್ಮ-ದೇಹ ದ್ವೈತದ ಮೇಲಿನ ಈ ಆಕ್ಷೇಪ ಒಬ್ಬಳಲ್ಲೇ ಇದ್ದವೆಂಬುದನ್ನು ನಾವು ಗಮನಿಸಬೇಕು.

ಆಕೆಯ ಪ್ರಶ್ನೆ ಸಾಂಖ್ಯರನ್ನೂ ಬಿಡುವುದಿಲ್ಲ. ಏನನ್ನೂ ಮಾಡದ ಪುರುಷನ ಸಾನ್ನಿಧ್ಯದಿಂದ ಪ್ರಕೃತಿ ಹೇಗೆ ಹೊರಳುತ್ತದೆ? ಕುರುಡನ ಹೆಗಲೇರಿದ ಕುಂಟನ ದೃಷ್ಟಾಂತವನ್ನು ಅವರು ಕೊಡುತ್ತಾರೆ, ಆದರೆ ಆ ಕುಂಟ ಬಾಯಿಬಿಟ್ಟು ದಾರಿ ಹೇಳಬಲ್ಲ, ಪುರುಷ ಹೇಳಲಾರ.

ಲೋಕಾಯತ:

ಇಷ್ಟು ದೂರ ಬಂದ ಮೇಲೆ ಸರಳವಾದ ಹೆಜ್ಜೆಯೊಂದನ್ನು ಇಡಲು ಏಕೆ ಹಿಂಜರಿಯುತ್ತೀರಿ? ನೆನಪು ಹೋಯಿತು, ಸ್ವಭಾವ ಹೋಯಿತು, ಬುದ್ಧಿ ಹೋಯಿತು, ಎಲ್ಲವನ್ನೂ ದೇಹಕ್ಕೆ ಒಪ್ಪಿಸಿದಿರಿ. ಕೊನೆಗೆ ಉಳಿದ 'ಅರಿವು' ಎಂಬುದನ್ನು ಮಾತ್ರ ಕೊಡುವುದಿಲ್ಲವೆಂದರೆ ಅದಕ್ಕೆ ಕಾರಣ ಬೇಕು. ಕಿಣ್ವ ಬೆರೆತು ಹುಳಿಯುವ ಧಾನ್ಯದಲ್ಲಿ, ಬಿಡಿಬಿಡಿಯಾಗಿ ಯಾವುದರಲ್ಲೂ ಇಲ್ಲದ ಮಾದಕಶಕ್ತಿ ಹುಟ್ಟುವಂತೆ, ಮಣ್ಣು, ನೀರು ಮೊದಲಾದ ಭೂತಗಳ ಕೂಟದಲ್ಲಿ ಚೈತನ್ಯ ಹುಟ್ಟುತ್ತದೆಂದು ಭೌತವಾದಿಗಳಾದ ಚಾರ್ವಾಕರು ಹೇಳಿದ್ದು ಇದನ್ನೇ. ಇದಕ್ಕೆ ಶಂಕರಾಚಾರ್ಯರು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಭಾಷ್ಯದಲ್ಲಿ ಉತ್ತರ ಕೊಟ್ಟಿದ್ದಾರೆಂದು ಬಲ್ಲೆ: ದೀಪ ಇದ್ದಾಗ ಕಾಣುತ್ತದೆ, ಇಲ್ಲದಾಗ ಕಾಣದು, ಆದರೆ ಕಾಣುವಿಕೆ ದೀಪದ ಧರ್ಮವಲ್ಲ; ಹಾಗೆಯೇ ದೇಹವು ಅರಿವಿಗೆ ಉಪಕರಣ ಮಾತ್ರವಾಗಿರಬಹುದು. 1897ರಲ್ಲಿ ಹಾರ್ವರ್ಡ್‌ನಲ್ಲಿ ಅಮರತ್ವದ ಬಗ್ಗೆ ಉಪನ್ಯಾಸ ಕೊಟ್ಟ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಕೂಡ ಮಿದುಳು ಬೆಳಕನ್ನು ಹುಟ್ಟಿಸದೆ ಹಾಯಲು ಬಿಡುವ ಗಾಜಿನಂತೆ ಇರಬಹುದೆಂದು ವಾದಿಸಿದ್ದರು.

ತರ್ಕದ ದೃಷ್ಟಿಯಿಂದ ಈ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಒಪ್ಪುತ್ತೇನೆ. ಆದರೆ ದೀಪವಿಲ್ಲದಿದ್ದರೂ ನೋಡುವವನು ಇದ್ದಾನೆಂದು ನಮಗೆ ಬೇರೆ ದಾರಿಯಿಂದ ಗೊತ್ತು. ಕತ್ತಲಲ್ಲಿ ಅವನ ದನಿ ಕೇಳಿಸುತ್ತದೆ, ಕೈ ತಾಗುತ್ತದೆ. ದೇಹವಿಲ್ಲದ ಅರಿವಿನ ವಿಷಯದಲ್ಲಿ ಅಂಥ ಇನ್ನೊಂದು ದಾರಿ ಎಲ್ಲಿದೆ?

ಕಡೆಗೋಲು:

ಉಡುಪಿಯ ಕಡೆಯವನಾದ ನಾನು ದ್ವೈತ ವೇದಾಂತವನ್ನು ಮನೆಯ ಹಿರಿಯರಿಂದ ಕೇಳಿ ಬೆಳೆದವನು. ಆ ಮಟ್ಟಿಗೆ ಉತ್ತರಿಸುತ್ತೇನೆ. ಜಿಜ್ಞಾಸು ಅವರು ತೋರಿಸಿದ ಕಷ್ಟ ಸಾಂಖ್ಯಕ್ಕೂ ಅದ್ವೈತಕ್ಕೂ ನಿಜ, ಎಲ್ಲ ಆಸ್ತಿಕ ದರ್ಶನಗಳಿಗೂ ಅಲ್ಲ. ಶ್ರೀಮಧ್ವಾಚಾರ್ಯರ ಮತದಲ್ಲಿ ಮನಸ್ಸು ಜಡವೇ. ಆದರೆ ಅದನ್ನು ಕಳಚಿದ ಮೇಲೆ ಉಳಿಯುವ ಜೀವ ಬರಿದಲ್ಲ. ಜೀವಕ್ಕೂ ಜೀವಕ್ಕೂ ಭೇದವೆಂಬುದು ಈ ಮತ ಹೇಳುವ ಐದು ಭೇದಗಳಲ್ಲಿ (ಪಂಚಭೇದ) ಒಂದು. ಪ್ರತಿಯೊಂದು ಜೀವಕ್ಕೂ ತನ್ನದೇ ಆದ ಸ್ವರೂಪವಿದೆ, ಮುಕ್ತಿಯಲ್ಲೂ ಆನಂದದ ತಾರತಮ್ಯವಿದೆ. ಎಂದರೆ 'ಇಂಥವನು' ಎಂಬುದು ಮಿದುಳಿನ ಅಥವಾ ಮನಸ್ಸಿನ ಕೊಡುಗೆಯಲ್ಲ, ಜೀವದ ಸ್ವಭಾವ. ಮನಸ್ಸು ಆ ಸ್ವಭಾವವನ್ನು ಸಂಸಾರದಲ್ಲಿ ಸ್ವಲ್ಪ ತೋರಿಸುತ್ತದೆ, ಬಹಳಷ್ಟು ಮರೆಮಾಡುತ್ತದೆ.

ಲೋಕಾಯತ ಅವರು ಕೇಳಿದ ಇನ್ನೊಂದು ದಾರಿಗೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಸಾಕ್ಷಿಯು ಜೀವದ ಸ್ವರೂಪೇಂದ್ರಿಯ, ಎಂದರೆ ಜೀವಕ್ಕೇ ಸೇರಿದ, ಜಡವಲ್ಲದ ಇಂದ್ರಿಯ. ಸುಖದುಃಖಗಳನ್ನೂ ಕಾಲವನ್ನೂ ನೇರವಾಗಿ ಅರಿಯುವುದು ಅದು. ಗಾಢನಿದ್ರೆಯಲ್ಲಿ ಕಣ್ಣು, ಕಿವಿ, ಮನಸ್ಸು ಎಲ್ಲವೂ ಸುಮ್ಮನಿರುತ್ತವೆ. ಆದರೂ ಎದ್ದವನು 'ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ' ಎನ್ನುತ್ತಾನೆ. ಆ ಹೊತ್ತನ್ನೂ ಆ ಸುಖವನ್ನೂ ಕಂಡವರು ಯಾರು?

ಲೋಕಾಯತ:

ಕಡೆಗೋಲು ಅವರ ವಾದ ಪರೀಕ್ಷೆಗೆ ಒಡ್ಡಿಕೊಳ್ಳುವ ವಾದ, ಆ ಕಾರಣಕ್ಕೆ ಅದನ್ನು ಗೌರವಿಸುತ್ತೇನೆ. ಪರೀಕ್ಷೆಯೂ ನಡೆದಿದೆ. 1846ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದಂದಿನಿಂದ ಇಂದಿನವರೆಗೆ ಪೂರ್ಣ ಅರಿವಳಿಕೆಗೆ ಒಳಗಾದವರ ಅನುಭವವನ್ನು ಕೇಳಿ ನೋಡಿ. ನಿದ್ರೆಯಿಂದ ಎದ್ದವನಿಗೆ ಹೊತ್ತು ಕಳೆದ ಅಂದಾಜು ಇರುತ್ತದೆ. ಅರಿವಳಿಕೆಯಿಂದ ಎದ್ದವರಲ್ಲಿ ಬಹುಮಂದಿ 'ಈಗಷ್ಟೇ ಎಣಿಸಲು ಹೇಳಿದಿರಿ, ಆಪರೇಷನ್ ಯಾವಾಗ?' ಎಂದು ಕೇಳುತ್ತಾರೆ. ಕಾಲವನ್ನು ಅರಿಯುವುದು ಜಡವಲ್ಲದ ಸಾಕ್ಷಿಯಾಗಿದ್ದರೆ ರಕ್ತಕ್ಕೆ ಸೇರಿದ ಔಷಧಿ ಅದನ್ನು ಹೇಗೆ ತಟ್ಟಿತು? ನಿದ್ರೆಯಲ್ಲಿ ಮಿದುಳು ಕೆಲಸ ಮಾಡುತ್ತಲೇ ಇರುತ್ತದೆ, ಆದ್ದರಿಂದ ಹೊತ್ತಿನ ಅಂದಾಜು ಉಳಿಯುತ್ತದೆ. ಔಷಧಿ ಆ ಕೆಲಸವನ್ನು ಆಳವಾಗಿ ಕೆಡಿಸಿದಾಗ ಅಂದಾಜೂ ಹೋಗುತ್ತದೆ. ಇದಕ್ಕಿಂತ ನೇರವಾದ ವಿವರಣೆ ನನಗೆ ಕಾಣದು.

ಚಿಕ್ಕಬೆಟ್ಟ:

ಜೈನರ ನಿಲುವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ರಾಜಕುಮಾರಿ ಎಲಿಜಬೆತ್ ಸುಲಭವೆಂದು ಕಂಡ ದಾರಿಯಲ್ಲಿ ನಮ್ಮ ಆಚಾರ್ಯರು ಮೊದಲೇ ನಡೆದಿದ್ದಾರೆ. ಜೀವವು ತಾನಿರುವ ದೇಹದಷ್ಟೇ ಹರಡಿಕೊಳ್ಳುತ್ತದೆ. ಕೋಣೆ ಹಿರಿದಾದರೆ ದೀಪದ ಬೆಳಕು ಹರಡುವಂತೆ, ಕಿರಿದಾದರೆ ಕುಗ್ಗುವಂತೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಕರ್ಮವೂ ಸೂಕ್ಷ್ಮವಾದ ಪುದ್ಗಲ, ಎಂದರೆ ಜಡದ್ರವ್ಯ; ಅದು ಜೀವಕ್ಕೆ ಅಂಟುತ್ತದೆ, ಉದುರುತ್ತದೆ. ಜಡ ಮತ್ತು ಜೀವ ಒಂದನ್ನೊಂದು ಹೇಗೆ ತಟ್ಟುತ್ತವೆ ಎಂಬ ಪ್ರಶ್ನೆ ಇಲ್ಲಿ ಅಷ್ಟು ಕಠೋರವಾಗಿಲ್ಲ.

ಇನ್ನು ಶ್ವೇತಕೇತುವಿನ ಉಪವಾಸದ ವಿಷಯ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸುಮಾರು 7ನೆಯ ಶತಮಾನದಿಂದ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಶಾಸನಗಳಿವೆ. ಈ ವ್ರತಕ್ಕೊಂದು ಕ್ರಮವಿದೆ. ಮೊದಲು ಗಟ್ಟಿ ಆಹಾರ ಬಿಟ್ಟು ಹಾಲಿನಂಥ ಪಾನೀಯ, ಬಳಿಕ ಅದನ್ನೂ ಬಿಟ್ಟು ಮಜ್ಜಿಗೆ, ಬಳಿಕ ಬರಿಯ ನೀರು, ಕೊನೆಗೆ ಅದೂ ಇಲ್ಲ. ವ್ರತಿಯ ಬಳಿ ನಿರ್ಯಾಪಕರೆಂಬ ಸಹಾಯಕ ಮುನಿಗಳು ಇರುತ್ತಾರೆ. ಅವರ ಕೆಲಸವೇನೆಂದರೆ ದೇಹ ಸೊರಗಿದಂತೆ ಮನಸ್ಸು ಜಾರದಂತೆ ಕಾಯುವುದು, ಕಿವಿಯಲ್ಲಿ ಣಮೋಕಾರ ಮಂತ್ರವನ್ನು ಹೇಳುತ್ತಿರುವುದು, ತಳಮಳಗೊಂಡವರಿಗೆ ಧರ್ಮವನ್ನು ನೆನಪಿಸುವುದು. ಹಸಿವಿನಲ್ಲಿ ನೆನಪು ಕುಂದುತ್ತದೆಂಬುದು ಇವರಿಗೆ ತಿಳಿಯದ ಸಂಗತಿಯಾಗಿದ್ದರೆ ನಿರ್ಯಾಪಕರ ಅಗತ್ಯವೇ ಬರುತ್ತಿರಲಿಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದಾಗಲೂ, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಾಗಲೂ ಪತ್ರಿಕೆಗಳಲ್ಲಿ ಬಹಳ ಚರ್ಚೆ ನಡೆಯಿತು. ದೇಹವನ್ನು ತಿರಸ್ಕರಿಸುವ ಆಚರಣೆ ಎಂದು ಅನೇಕರು ಬರೆದರು. ದೇಹದ ಸ್ಥಿತಿಗೆ ಮನಸ್ಸು ಎಷ್ಟು ಒಳಪಟ್ಟಿದೆಯೆಂದು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಆಚರಣೆಯನ್ನು ತಿರಸ್ಕಾರ ಎನ್ನುವುದು ನ್ಯಾಯವಲ್ಲವೆಂದು ನನ್ನ ದೃಢ ಅಭಿಪ್ರಾಯ.

ನೇತ್ರಾವತಿ:

ಮಂಗಳೂರಿನ ಕ್ಯಾಥೊಲಿಕ್ ಕುಟುಂಬದವಳಾಗಿ ಒಂದು ಮಾತು ಸೇರಿಸಬಯಸುತ್ತೇನೆ. ಕ್ರೈಸ್ತ ನಂಬಿಕೆಯೆಂದರೆ ದೇಹ ಬಿಟ್ಟು ಹಾರಿಹೋಗುವ ಆತ್ಮವೆಂದು ಹಲವರು ತಿಳಿದಿದ್ದಾರೆ. ನಾವು ವಿಶ್ವಾಸಪ್ರಮಾಣದಲ್ಲಿ ಹೇಳುವುದು ಶರೀರದ ಪುನರುತ್ಥಾನವನ್ನು. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು, ಪೌಲನು ಕೊರಿಂಥದವರಿಗೆ ಬರೆದ ಪತ್ರವನ್ನು ವ್ಯಾಖ್ಯಾನಿಸುತ್ತ, 'ನನ್ನ ಆತ್ಮವು ನಾನಲ್ಲ' ಎಂದೇ ಬರೆದಿದ್ದಾರೆ; ಆತ್ಮವೊಂದು ಮಾತ್ರ ಉದ್ಧಾರವಾದರೆ ನಾನಾಗಲಿ ಯಾವ ಮನುಷ್ಯನಾಗಲಿ ಉದ್ಧಾರವಾದಂತಲ್ಲ ಎಂಬುದು ಅವರ ಮಾತಿನ ಸಾರ. ಆತ್ಮವು ದೇಹದ ರೂಪ, ಎಂದರೆ ಅದನ್ನು ಜೀವಂತ ಮನುಷ್ಯದೇಹವಾಗಿಸುವ ತತ್ತ್ವ, ಎಂದು 1312ರಲ್ಲಿ ಫ್ರಾನ್ಸಿನ ವಿಯೆನ್ ಎಂಬಲ್ಲಿ ಸೇರಿದ ಧರ್ಮಸಭೆ ನಿರ್ಣಯಿಸಿತು. ಜಿಜ್ಞಾಸು ಅವರ 'ಉಳಿದದ್ದು ನಾನೇ ಹೇಗೆ' ಎಂಬ ಪ್ರಶ್ನೆಗೆ ಅಕ್ವಿನಾಸರ ಉತ್ತರವೆಂದರೆ, ದೇಹವಿಲ್ಲದೆ ಉಳಿದದ್ದು ಪೂರ್ತಿ ನಾನಲ್ಲ, ಆದ್ದರಿಂದಲೇ ದೇಹ ಮರಳಿ ಬೇಕು. ಹಾಗೆ ಮರಳಿಸುವುದು ದೇವರ ಕೃಪೆಯೇ ಹೊರತು ಆತ್ಮದ ಸ್ವಂತ ಸಾಮರ್ಥ್ಯವಲ್ಲ. ನಮ್ಮ ನಂಬಿಕೆ ನಿಂತಿರುವುದು ಅಲ್ಲಿ.

ಐಸಿಯು ವೈದ್ಯೆ:

ಮೇಲಿನದನ್ನೆಲ್ಲ ಓದಿದೆ. ತತ್ತ್ವಶಾಸ್ತ್ರ ನನ್ನ ವಿಷಯವಲ್ಲ, ಆದರೆ ಈ ಪ್ರಶ್ನೆ ನನ್ನ ಕೆಲಸದ ಜಾಗದಲ್ಲಿ ಬರುತ್ತಲೇ ಇರುತ್ತದೆ. ಮಿದುಳುಕಾಂಡ ಸತ್ತಿದೆಯೆಂದು 1994ರ ಅಂಗಾಂಗ ಕಸಿ ಕಾಯ್ದೆಯಂತೆ ಘೋಷಿಸಲು ನಾಲ್ವರು ವೈದ್ಯರ ಮಂಡಳಿ ಬೇಕು, ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಬೇಕು. ಅದರಲ್ಲಿ ಕೊನೆಯದು ಉಸಿರಾಟದ ಪರೀಕ್ಷೆ. ಮೊದಲು ಪೂರ್ಣ ಆಮ್ಲಜನಕ ಕೊಟ್ಟು, ವೆಂಟಿಲೇಟರ್ ಕಳಚಿ, ಸಣ್ಣ ನಳಿಕೆಯಿಂದ ಆಮ್ಲಜನಕ ಬಿಡುತ್ತ, ಎದೆ ಮತ್ತು ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಸುಮಾರು ಎಂಟು ಹತ್ತು ನಿಮಿಷ ಕಣ್ಣು ಕೀಳದೆ ನೋಡುತ್ತೇವೆ. ಮಾನಿಟರ್‌ನಲ್ಲಿ ಹೃದಯದ ಗೆರೆ ಓಡುತ್ತಿರುತ್ತದೆ. ಚರ್ಮ ಬೆಚ್ಚಗಿರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡ 60 ಮಿಲಿಮೀಟರ್ ಪಾದರಸವನ್ನು ದಾಟಿದರೂ ಎದೆ ಒಮ್ಮೆಯೂ ಮಿಸುಕದಿದ್ದರೆ ಉಸಿರಾಟದ ಕೇಂದ್ರ ಸತ್ತಿದೆಯೆಂದು ಅರ್ಥ. ಮತ್ತೆ ವೆಂಟಿಲೇಟರ್ ಜೋಡಿಸಿದೊಡನೆ ಎದೆ ಏರಿಳಿಯುತ್ತದೆ. ಆಗ ಒಳಗೆ ಬರುವ ಮನೆಯವರು ನೋಡುವುದು ಆ ಏರಿಳಿತವನ್ನು. 'ಉಸಿರಾಡುತ್ತಿದ್ದಾರಲ್ಲ ಡಾಕ್ಟರೇ' ಎನ್ನುತ್ತಾರೆ.

ಕರ್ನಾಟಕದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಮೂಲಕ ಅಂಗದಾನಕ್ಕೆ ಒಪ್ಪಿಗೆ ಕೇಳುವಾಗ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಧರ್ಮದವು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆಯೇ, ಆತ್ಮ ಇನ್ನೂ ಒಳಗಿದೆಯೇ, ಅದಕ್ಕೆ ನೋವಾಗುತ್ತದೆಯೇ. 2006ರಲ್ಲಿ ಡಾ. ರಾಜ್‌ಕುಮಾರ್ ಮತ್ತು 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನವಾದ ಮೇಲೆ ಕಣ್ಣಿನ ವಿಷಯದಲ್ಲಿ ಜನರ ಹೆದರಿಕೆ ಬಹಳ ಕಡಿಮೆಯಾದುದನ್ನು ಕಂಡಿದ್ದೇನೆ. ಹೃದಯ ಮತ್ತು ಯಕೃತ್ತಿನ ವಿಷಯದಲ್ಲಿ ಹಾಗಾಗಿಲ್ಲ. ತಿಳಿದವರು ಹೇಳಿ: ಬುದ್ಧಿ, ಮನಸ್ಸು, ನೆನಪು ಮರಳದಂತೆ ಹೋಗಿ, ಬಿಸಿ ಮಾತ್ರ ಉಳಿದಿರುವ ದೇಹವನ್ನು ನಮ್ಮ ಗ್ರಂಥಗಳು ಏನೆಂದು ಕರೆಯುತ್ತವೆ? ನಾನು ಆ ಕುಟುಂಬಗಳಿಗೆ ಏನು ಹೇಳಬಹುದು?

ಜಿಜ್ಞಾಸು:

ವೈದ್ಯೆಯವರೇ, ನಿಮ್ಮ ಪ್ರಶ್ನೆ ಓದಿದ ಕೂಡಲೇ ಶ್ವೇತಕೇತುವಿನ ಕಥೆಯಿರುವ ಅದೇ ಅಧ್ಯಾಯದ ಕೊನೆಯ ಭಾಗ ನೆನಪಾಯಿತು. ಕಾಯಿಲೆಯಿಂದ ಸಾಯುತ್ತಿರುವವನ ಸುತ್ತ ಬಂಧುಗಳು ಕುಳಿತು 'ನನ್ನ ಗುರುತು ಸಿಕ್ಕಿತೇ, ನನ್ನ ಗುರುತು ಸಿಕ್ಕಿತೇ' ಎಂದು ಕೇಳುತ್ತಾರೆ. ಅವನ ಮಾತು ಮನಸ್ಸಿನಲ್ಲಿ, ಮನಸ್ಸು ಪ್ರಾಣದಲ್ಲಿ, ಪ್ರಾಣ ತೇಜಸ್ಸಿನಲ್ಲಿ, ತೇಜಸ್ಸು ಪರದೇವತೆಯಲ್ಲಿ ಸೇರುವವರೆಗೆ ಗುರುತು ಹಿಡಿಯುತ್ತಾನೆ. ಸೇರಿದ ಮೇಲೆ ಹಿಡಿಯಲಾರ. ನೀವು ಹೇಳಿದ ಕ್ರಮವೇ ಇದು: ಮೊದಲು ಮಾತು, ಆಮೇಲೆ ಮನಸ್ಸು, ಆಮೇಲೆ ಉಸಿರು, ಕೊನೆಗೆ ಬಿಸಿ. ಸಾವು ಒಂದೇ ಕ್ಷಣದಲ್ಲಿ ನಡೆಯುವುದೆಂದು ಅಲ್ಲಿ ಭಾವಿಸಿಲ್ಲ. ವೆಂಟಿಲೇಟರ್ ಮಾಡುವುದೇನೆಂದರೆ ಮೂರನೆಯ ಮೆಟ್ಟಿಲನ್ನು ಯಂತ್ರದಿಂದ ಹಿಡಿದಿಡುವುದು. ಆ ಉಸಿರು ಅವರದಲ್ಲ, ಯಂತ್ರದ್ದು ಎಂದು ನೀವು ಕುಟುಂಬದವರಿಗೆ ಹೇಳಿದರೆ ಶಾಸ್ತ್ರಕ್ಕೆ ವಿರುದ್ಧವಾಗಿ ಏನನ್ನೂ ಹೇಳಿದಂತಾಗುವುದಿಲ್ಲವೆಂದು ನಾನು ತಿಳಿಯುತ್ತೇನೆ.

ಕಡೆಗೋಲು:

ಇದನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆಯ ಮಾತಿದೆ. ಬಿಸಿ ಉಳಿದಿರುವಾಗ ಜೀವ ಹೊರಟಿಲ್ಲವೆಂದು ಆ ವಾಕ್ಯವನ್ನೇ ಹಿಡಿದು ವಾದಿಸುವವರೂ ಇದ್ದಾರೆ. ಅವರಿಗೆ ನನ್ನ ಉತ್ತರ ಇದು: ಸ್ಥೂಲದೇಹವನ್ನು ಕೊಡುವುದರಿಂದ ಜೀವದ ಸ್ವರೂಪಕ್ಕೆ ಕುಂದಾಗದು, ಮುಂದಿನ ಜನ್ಮದ ಕಣ್ಣು ಕರ್ಮದಿಂದ ಬರುತ್ತದೆ, ಈ ಜನ್ಮದ ಕಣ್ಣುಗುಡ್ಡೆಯಿಂದ ಅಲ್ಲ.

ಲೋಕಾಯತ ಅವರ ಅರಿವಳಿಕೆಯ ಆಕ್ಷೇಪಕ್ಕೂ ಉತ್ತರಿಸಬೇಕು. ಸಾಕ್ಷಿ ಕಂಡದ್ದನ್ನು ಎದ್ದ ಮೇಲೆ ಹೇಳಬೇಕಾದರೆ ಅದು ಮನಸ್ಸಿನಲ್ಲಿ ಸಂಸ್ಕಾರವಾಗಿ, ಎಂದರೆ ಅಚ್ಚೊತ್ತಿದ ಗುರುತಾಗಿ, ಉಳಿಯಬೇಕು. ಔಷಧಿ ಕೆಡಿಸುವುದು ಆ ಉಳಿಕೆಯನ್ನು. ಕಾಣುವುದು ನಿಂತಿತೆಂದು ಅದರಿಂದ ಸಿದ್ಧವಾಗುವುದಿಲ್ಲ.

ಲೋಕಾಯತ:

ಹಾಗಾದರೆ ನಿದ್ರೆಯ ಸಾಕ್ಷ್ಯವನ್ನೂ ನೀವು ಬಿಡಬೇಕಾಗುತ್ತದೆ. ಎದ್ದವನ ನೆನಪು ಸಾಕ್ಷಿಗೆ ಪ್ರಮಾಣವಾಗುವುದಾದರೆ, ಎದ್ದವನ ಮರೆವು ಏಕೆ ಪ್ರಮಾಣವಾಗಬಾರದು? ನೆನಪನ್ನು ನಿಮ್ಮ ಪರವಾಗಿ ಎಣಿಸಿ ಮರೆವನ್ನು ಮನಸ್ಸಿನ ದೋಷವೆಂದರೆ ಆ ವಾದವನ್ನು ಯಾವ ಅನುಭವದಿಂದಲೂ ಅಲುಗಿಸಲಾಗದು.

ವೈದ್ಯೆಯವರಿಗೆ ಮಾತ್ರ ಒಂದು ಮಾತು. ನಾನು ಆತ್ಮವನ್ನು ನಂಬುವವನಲ್ಲ, ಆದರೂ ಛಾಂದೋಗ್ಯದ ಆ ಭಾಗವನ್ನು ಕುಟುಂಬದವರಿಗೆ ಹೇಳಿ ಎಂದೇ ಸೂಚಿಸುತ್ತೇನೆ. ಪರದೇವತೆಯನ್ನು ಹೊರತುಪಡಿಸಿದರೆ ಅದರಲ್ಲಿರುವ ಕ್ರಮವನ್ನು ನಾನೂ ನಿಜವೆಂದೇ ಒಪ್ಪುತ್ತೇನೆ.

ಕಡೆಗೋಲು:

ನೆನಪು ಇದ್ದರೆ ಕಂಡದ್ದು ಸಿದ್ಧ. ನೆನಪು ಇಲ್ಲದಿದ್ದರೆ ಕಾಣದಿದ್ದದ್ದು ಸಿದ್ಧವಲ್ಲ. ತಮ್ಮನ್ನು ಪರೀಕ್ಷಿಸುತ್ತಿದ್ದವರೊಡನೆ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನ ಮೊಲೈಸನ್‌ಗೆ ನೆನಪಿರುತ್ತಿರಲಿಲ್ಲ. ಬೆಳಿಗ್ಗೆ ಅವರಿಗೆ ಅರಿವೇ ಇರಲಿಲ್ಲವೆಂದು ನೀವು ಹೇಳುವಿರಾ? ಈ ಅಸಮಾನತೆ ನಾನು ನನ್ನ ಅನುಕೂಲಕ್ಕೆ ಕಟ್ಟಿದ್ದಲ್ಲ, ನೆನಪಿನ ಸ್ವಭಾವದಲ್ಲೇ ಇದೆ. ಅರಿವಳಿಕೆಯಲ್ಲಿ ಅರಿವು ಇತ್ತೆಂದು ಇಷ್ಟರಿಂದಲೇ ಸಾಧಿಸಿದೆನೆಂದು ನಾನೂ ಹೇಳುವುದಿಲ್ಲ. ಅದಕ್ಕೆ ನಾನು ಆಗಮವನ್ನು, ಎಂದರೆ ಶಾಸ್ತ್ರವಾಕ್ಯವನ್ನು, ಪ್ರಮಾಣವಾಗಿ ಹಿಡಿಯುತ್ತೇನೆ, ನೀವು ಹಿಡಿಯುವುದಿಲ್ಲ. ನಮ್ಮಿಬ್ಬರ ಭಿನ್ನಾಭಿಪ್ರಾಯ ಮಿದುಳಿನ ಬಗ್ಗೆ ಇಲ್ಲ, ಪ್ರಮಾಣದ ಬಗ್ಗೆ ಇದೆ.